ತಜ್ಞರ ಉತ್ತರ: ಅನ್ವಯಿಕ ಸಂಖ್ಯಾಶಾಸ್ತ್ರ ಓದಲೋ, ಸಾಲ ಮಾಡಿ ಡೇಟಾ ಸೈನ್ಸ್ ಸೇರಲೋ?

ಪ್ರಶ್ನೆ: ನಾನು ಕೋಲಾರ ಜಿಲ್ಲೆ ಬಂಗಾರಪೇಟೆ ಕಡೆಯವಳು. ಸರ್ಕಾರಿ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ, ಕಂಪ್ಯೂಟರ್ ಸೈನ್ಸ್ ತಗೊಂಡು ಬಿ.ಎಸ್ಸಿ. ಮುಗಿಸುತ್ತಿದ್ದೇನೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಮುಂದೆ ಅನ್ವಯಿಕ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುವ ಆಸೆ. ಆದರೆ ನೆಂಟರೊಬ್ಬರು 'ಈಗೆಲ್ಲ ಡೇಟಾ ಸೈನ್ಸ್, ಬೆಂಗಳೂರಿನ ಖಾಸಗಿ ಕಾಲೇಜಿಗೆ ಸೇರಿಸಿ, ಸಾಲ ಸಿಗುತ್ತೆ' ಎನ್ನುತ್ತಿದ್ದಾರೆ. ಅಪ್ಪ ಟೊಮೆಟೊ, ರಾಗಿ ಬೆಳೆಯುತ್ತಾರೆ. ಮಂಡಿಯಲ್ಲಿ ಸಿಕ್ಕ ಬಾಕ್ಸಿನ ರೇಟನ್ನು ಹನ್ನೆರಡು ವರ್ಷದಿಂದ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ. ಇಂಥದ್ದಕ್ಕೆಲ್ಲ ಈ ಓದು ಉಪಯೋಗಕ್ಕೆ ಬರುತ್ತಾ? ಅನ್ವಯಿಕ ಎಂದರೆ ಗಣಿತ ಕಡಿಮೆ ಅಲ್ವಾ? ಕೆಲಸ ಸಿಗುತ್ತಾ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಸಾಲ, ಕಾಲೇಜು, ಕೆಲಸ ಎಲ್ಲ ಇದೆ. ಆದರೆ ನನ್ನ ಕಣ್ಣು ನಿಂತದ್ದು ಆ ನೋಟ್‌ಬುಕ್ಕಿನ ಮೇಲೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಹನ್ನೆರಡು ವರ್ಷದ ರೇಟುಗಳನ್ನೆಲ್ಲ ಕೂಡಿ, ಎಷ್ಟು ಸಲ ಬರೆದಿದ್ದಾರೋ ಅಷ್ಟರಿಂದ ಭಾಗಿಸಿ. ಒಂದು ಸರಾಸರಿ ಬರುತ್ತದೆ. ಅದು ಕೋಲಾರ ಮಾರುಕಟ್ಟೆಯ ಟೊಮೆಟೊ ಸರಾಸರಿ ಬೆಲೆಯಾ? ಸ್ವಲ್ಪ ಯೋಚಿಸಿ. ಅಪ್ಪ ರೇಟು ಬರೆದದ್ದು ಮಾಲು ಹಾಕಿದ ದಿನ ಮಾತ್ರ. ಬಾಕ್ಸನ್ನು ಕೇಳೋರೇ ಇಲ್ಲದ ವಾರ ಏನು ಮಾಡಿರುತ್ತಾರೆ? ಕೀಳುವ ಕೂಲಿಯೂ ಹುಟ್ಟಲ್ಲ ಅಂತ ಹಣ್ಣನ್ನು ಗಿಡದಲ್ಲೇ ಬಿಟ್ಟಿರುತ್ತಾರೆ, ಇಲ್ಲವೇ ದನಕ್ಕೆ ಹಾಕಿರುತ್ತಾರೆ. ಆ ದಿನಗಳು ಪುಸ್ತಕದಲ್ಲಿ ಇಲ್ಲವೇ ಇಲ್ಲ. ಅಂದರೆ ಬೆಲೆ ತೀರಾ ಬಿದ್ದ ದಿನಗಳೇ ಲೆಕ್ಕದಿಂದ ಜಾರಿಹೋಗಿವೆ. ನೀವು ತೆಗೆದ ಸರಾಸರಿ ನಿಜವಾದದ್ದಕ್ಕಿಂತ ಮೇಲೆ ನಿಲ್ಲುತ್ತದೆ. ಪುಸ್ತಕದಲ್ಲಿ ಒಂದು ಅಂಕಿಯೂ ಸುಳ್ಳಿಲ್ಲ. ಆದರೂ ಉತ್ತರ ತಪ್ಪು.

ಇನ್ನೊಂದು ತೊಡಕೂ ಇದೆ. 2023ರ ಜುಲೈ ನೆನಪಿರಬೇಕಲ್ಲ? 15 ಕೆಜಿ ಬಾಕ್ಸು 2000 ರೂಪಾಯಿ ದಾಟಿತ್ತು. ಅಂಥ ನಾಲ್ಕು ದಿನ ಸೇರಿದರೆ ಸರಾಸರಿ ಹಾರಿಬಿಡುತ್ತದೆ. ಸುಮ್ನೆ ಒಂದು ಲೆಕ್ಕ ನೋಡಿ. ಒಂಬತ್ತು ದಿನ 200 ರೂಪಾಯಿ, ಒಂದು ದಿನ 2200. ಸರಾಸರಿ 400. ಆದರೆ 400 ರೂಪಾಯಿ ಕೈಗೆ ಬಂದ ದಿನ ಒಂದೂ ಇಲ್ಲ! ಮಧ್ಯಾಂಕ, ಅಂದರೆ ರೇಟುಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಡುವೆ ಬರುವ ಅಂಕಿ, ತೆಗೆದರೆ 200. ಮುಂದಿನ ಬೆಳೆಗೆ ಸಾಲ ಮಾಡುವ ರೈತನಿಗೆ ಯಾವ ಅಂಕಿ ಹೇಳಬೇಕು? ಇಡೀ ವರ್ಷದ ಆದಾಯದ ಲೆಕ್ಕ ಬೇಕಾದವನಿಗೆ ಯಾವುದು? ಎರಡಕ್ಕೂ ಉತ್ತರ ಬೇರೆ ಬೇರೆ.

ಅನ್ವಯಿಕ ಸಂಖ್ಯಾಶಾಸ್ತ್ರ ಎಂದರೆ ಹೆಚ್ಚುಕಡಿಮೆ ಇದೇ ಕೆಲಸ. ಅಂಕಿ ಎಲ್ಲಿಂದ ಬಂತು, ಯಾರು ಬರೆದರು, ಯಾವುದು ಬಿಟ್ಟುಹೋಯಿತು ಎಂದು ಕೇಳುವುದು. ಆಮೇಲೆ ಆ ಕೊರತೆಯನ್ನು ಲೆಕ್ಕದೊಳಗೆ ತರುವುದು. ಕೇಳುವ ಭಾಗಕ್ಕೆ ಊರಿನ ತಿಳಿವಳಿಕೆ ಬೇಕು. ಅದು ನಿಮ್ಮ ಹತ್ತಿರ ಆಗಲೇ ಇದೆ. ತರುವ ಭಾಗಕ್ಕೆ ಗಣಿತ ಬೇಕು. ಅದಕ್ಕೇ ಎಂ.ಎಸ್ಸಿ.

ಹಾಗಾಗಿ ಗಣಿತ ಕಡಿಮೆ ಎಂಬ ಆಸೆಯನ್ನು ಈಗಲೇ ಬಿಟ್ಟುಬಿಡಿ. ಆ ಆಸೆ ಇಟ್ಟುಕೊಂಡು ಬಂದ ಹುಡುಗರು ಮೊದಲ ಇಂಟರ್ನಲ್ಸ್ ಬರುವಷ್ಟರಲ್ಲೇ ಸಪ್ಪಗಾಗುವುದನ್ನು ತುಂಬಾ ವರ್ಷ ನೋಡಿದ್ದೇನೆ. ಕೋರ್ಸಿನ ಹೆಸರಲ್ಲಿ 'ಅನ್ವಯಿಕ' ಇರಲಿ, ಬರೀ 'ಸಂಖ್ಯಾಶಾಸ್ತ್ರ' ಅಂತಿರಲಿ, ಮೊದಲ ವರ್ಷ ಸಾಮಾನ್ಯವಾಗಿ ಒಂದೇ. ರಿಯಲ್ ಅನಾಲಿಸಿಸ್, ಲೀನಿಯರ್ ಆಲ್ಜೀಬ್ರಾ, ಸಂಭವನೀಯತೆ, ಡಿಸ್ಟ್ರಿಬ್ಯೂಷನ್‌ಗಳು, ಎಸ್ಟಿಮೇಷನ್, ಟೆಸ್ಟಿಂಗ್. ಎರಡನೇ ವರ್ಷದಲ್ಲಿ ಸ್ಯಾಂಪ್ಲಿಂಗ್, ಪ್ರಯೋಗ ವಿನ್ಯಾಸ, ಮಲ್ಟಿವೇರಿಯೇಟ್, ಟೈಮ್ ಸೀರೀಸ್, ಸರ್ವೈವಲ್ ಇವೆಲ್ಲ ಬರುತ್ತವೆ. ವ್ಯತ್ಯಾಸ ಕಾಣುವುದು ಅಲ್ಲಿ, ಮತ್ತು ಪ್ರಾಜೆಕ್ಟಿನಲ್ಲಿ.

ಮೊದಲ ವರ್ಷದ ಗಣಿತ ಯಾಕೆ ಬೇಕು ಅಂತ ಒಂದೇ ಉದಾಹರಣೆ. ರಿಗ್ರೆಷನ್ ಅಂದರೆ ಎಕ್ಸೆಲ್‌ನಲ್ಲಿ ಚುಕ್ಕೆಗಳ ನಡುವೆ ಗೆರೆ ಎಳೆಯೋದು ಅಂತ ಬಿ.ಎಸ್ಸಿ.ಯಲ್ಲಿ ಅಂದುಕೊಂಡಿರುತ್ತೀರಿ. ಒಳಗಿರುವುದು ಪ್ರೊಜೆಕ್ಷನ್. ಓರೆಯಾಗಿ ನಿಂತ ಕೋಲಿನ ನೆರಳು ನಡುಮಧ್ಯಾಹ್ನ ನೆಲದ ಮೇಲೆ ಬೀಳುತ್ತದಲ್ಲ, ಹಾಗೆ. ನಿಮ್ಮ ಇಳುವರಿಯ ಅಂಕಿಗಳು ಆ ಕೋಲು. ಮಳೆ, ಗೊಬ್ಬರ, ನೀರು ಎಂಬ ಕಾಲಂಗಳು ಸೇರಿ ನೆಲ ಆಗುತ್ತವೆ. ನೆರಳೇ ನಿಮ್ಮ ಅಂದಾಜು. ಈಗ ಮಳೆಯನ್ನೂ ಹಾಕಿದಿರಿ, ಕೆರೆಯ ಮಟ್ಟವನ್ನೂ ಹಾಕಿದಿರಿ ಎನ್ನಿ. ಎರಡೂ ಒಟ್ಟಿಗೇ ಏರುತ್ತವೆ, ಒಟ್ಟಿಗೇ ಇಳಿಯುತ್ತವೆ. ಕಾಲುಗಳನ್ನು ಹತ್ತಿರ ಹತ್ತಿರ ಇಟ್ಟ ಸ್ಟೂಲಿನ ಹಾಗೆ ಆ ನೆಲ ಅಲ್ಲಾಡುತ್ತದೆ. ಒಂದು ಸಾಲು ಡೇಟಾ ತೆಗೆದರೆ ಸಾಕು, ಉತ್ತರ ಮಗುಚಿಬೀಳುತ್ತದೆ. ಸಾಫ್ಟ್‌ವೇರು ಬೈಯುವುದಿಲ್ಲ. ಸುಮ್ಮನೆ ಒಂದು ಉತ್ತರ ಕೊಟ್ಟುಬಿಡುತ್ತದೆ. ಮ್ಯಾಟ್ರಿಕ್ಸಿನ ರ‍್ಯಾಂಕ್, ಐಗನ್ ವ್ಯಾಲ್ಯೂ ಗೊತ್ತಿದ್ದವರಿಗೆ ಮಾತ್ರ ಎಲ್ಲಿ ಅಲ್ಲಾಡುತ್ತಿದೆ ಎಂದು ಕಾಣುತ್ತದೆ.

ಥಿಯರಿ ಎಂದರೆ ಬೇರೆ ಲೋಕದವರು ಮಾಡುವ ಕೆಲಸ ಎಂಬ ಭಯವೂ ಬೇಡ. ಈ ವಿಷಯದಲ್ಲಿ ಜಗತ್ತಿನ ದೊಡ್ಡ ಹೆಸರುಗಳಲ್ಲಿ ಒಂದು ಸಿ. ಆರ್. ರಾವ್. ಹುಟ್ಟಿದ್ದು 1920ರಲ್ಲಿ, ನಮ್ಮ ಹೂವಿನ ಹಡಗಲಿಯಲ್ಲಿ. ಕಲ್ಕತ್ತದಲ್ಲಿ ಪಾಠ ಮಾಡುವಾಗ, ಡೇಟಾ ತುಂಬಾ ಜಾಸ್ತಿ ಇದ್ದಾಗ ಸಿಗುವ ಒಂದು ಫಲಿತಾಂಶ ಹೇಳಿಕೊಡುತ್ತಿದ್ದರಂತೆ. ದಾಂಡೇಕರ್ ಎಂಬ ವಿದ್ಯಾರ್ಥಿ, ಮುಂದೆ ಹೆಸರಾಂತ ಅರ್ಥಶಾಸ್ತ್ರಜ್ಞರಾದವರು, ಡೇಟಾ ಸ್ವಲ್ಪವೇ ಇದ್ದರೆ ಏನಾಗುತ್ತೆ ಎಂದು ಕೇಳಿದರು. ರಾವ್ ಆ ರಾತ್ರಿ ಕೂತು ಲೆಕ್ಕ ಹಾಕಿ ಮರುದಿನ ಉತ್ತರ ತಂದರು. 1945ರಲ್ಲಿ ಪ್ರಕಟವಾದ ಆ ಉತ್ತರವನ್ನೇ ನೀವು ಕ್ರಾಮೆರ್-ರಾವ್ ಮಿತಿ ಅಂತ ಓದುವುದು. ಒಂದು ಅಂದಾಜು ಎಷ್ಟು ನಿಖರವಾಗಿರಬಹುದು, ಅದಕ್ಕಿಂತ ಒಳ್ಳೆಯದು ಯಾಕೆ ಸಾಧ್ಯವಿಲ್ಲ ಎಂದು ಅದು ಹೇಳುತ್ತದೆ. ರಾವ್ ಅವರಿಗೆ 2023ರಲ್ಲಿ, 102ನೇ ವಯಸ್ಸಿನಲ್ಲಿ, ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. ಅದೇ ವರ್ಷ ತೀರಿಕೊಂಡರು. ಕ್ಲಾಸಿನಲ್ಲಿ ಕೇಳಿದ ಒಂದು ಪ್ರಶ್ನೆಯಿಂದ ಹುಟ್ಟಿದ ಥಿಯರಿ ಅದು.

ಈಗ ಹೊಲಕ್ಕೆ ಹೋಗೋಣ. ನನಗೆ ಈ ವಿಷಯ ನಿಜವಾಗಿ ತಲೆಗೆ ಹತ್ತಿದ್ದು ಕ್ಲಾಸಿನಲ್ಲಿ ಅಲ್ಲ, ಮುಳಬಾಗಿಲು ಕಡೆಯ ಒಂದು ರಾಗಿ ಹೊಲದಲ್ಲಿ. ಇಳುವರಿ ಅಂದಾಜು ಮಾಡಲು ನಡೆಸುವ ಬೆಳೆ ಕಟಾವು ಪ್ರಯೋಗ ನೋಡೋಕೆ ಹೋಗಿದ್ದೆ. ನಿಮ್ಮೂರಲ್ಲೂ ಮಾಡುತ್ತಾರೆ, ನೋಡಿರಬಹುದು. ಯಾವ ಸರ್ವೆ ನಂಬರು ಎಂಬುದನ್ನು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದ ಹಾಗೆ, ಆರಿಸಿರುತ್ತಾರೆ. ಹೊಲದ ನೈಋತ್ಯ ಮೂಲೆಯಿಂದ ಉದ್ದಕ್ಕೆ ಇಷ್ಟು ಹೆಜ್ಜೆ, ಅಗಲಕ್ಕೆ ಇಷ್ಟು ಹೆಜ್ಜೆ ಎಂಬುದೂ ಹಾಗೇ. ಅಲ್ಲಿ ಗೂಟ ನೆಟ್ಟು, ರಾಗಿಯಂಥ ಬೆಳೆಗೆ ಸಾಮಾನ್ಯವಾಗಿ 5 ಮೀಟರ್ ಉದ್ದ 5 ಮೀಟರ್ ಅಗಲಕ್ಕೆ ಹಗ್ಗ ಕಟ್ಟಿ, ಒಳಗಿನ ಬೆಳೆಯನ್ನು ಕೊಯ್ದು ಬಡಿದು ತೂಗುತ್ತಾರೆ.

ಆ ದಿನ ಬಂದ ಜಾಗ ಹೊಲದ ಕೆಟ್ಟ ಮೂಲೆ. ಬಂಡೆ ಪಕ್ಕ, ತೆನೆ ಸಣ್ಣದು. ಹೊಲದ ಯಜಮಾನರಿಗೆ ಅವಮಾನವಾದ ಹಾಗಾಯಿತು. 'ಅಲ್ಯಾಕೆ ಸ್ವಾಮಿ, ಇಲ್ಲಿ ಬನ್ನಿ, ಇಲ್ಲಿ ಹೆಂಗಿದೆ ನೋಡಿ' ಎಂದು ಕರೆದರು. ಅಳೆಯುವವರು ನಕ್ಕು, ಅಲ್ಲೇ ಗೂಟ ನೆಟ್ಟರು. ಈಗ ಫಸಲ್ ಬಿಮಾ, ಅಂದರೆ ಬೆಳೆ ವಿಮೆ, ಬಂದ ಮೇಲೆ ಅದೇ ಯಜಮಾನರು ಚೆನ್ನಾಗಿರುವ ಜಾಗ ಬಂದರೆ ಮುಖ ಸಪ್ಪೆ ಮಾಡುತ್ತಾರೆ. ಇಳುವರಿ ಕಡಿಮೆ ಕಂಡರೆ ತಾನೇ ಪರಿಹಾರ? ಎರಡು ಕಾಲದಲ್ಲೂ ಆಸೆ ಮನುಷ್ಯನದ್ದೇ, ದಿಕ್ಕು ಮಾತ್ರ ತಿರುಗಿದೆ. ಜಾಗವನ್ನು ಯಾರೂ ಆರಿಸಬಾರದು, ಚೀಟಿಯೇ ಆರಿಸಬೇಕು ಎಂದು ಸ್ಯಾಂಪ್ಲಿಂಗ್ ಪೇಪರು ಹಟ ಹಿಡಿಯುವುದು ಇದಕ್ಕೇ.

ಆಮೇಲೆ ಇನ್ನೊಂದು ಗಲಾಟೆ. ಹಗ್ಗ ಸರಿಯಾಗಿ ಒಂದು ರಾಗಿ ಬುಡದ ಮೇಲೇ ಹಾದುಹೋಗಿತ್ತು. ಅದು ಒಳಗೋ ಹೊರಗೋ? ಕೊಯ್ಯುವವರ ಕೈ ಸಹಜವಾಗಿ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಒಂದು ಬುಡ ತಾನೇ ಅನ್ನಬೇಡಿ. ಹಗ್ಗದೊಳಗೆ 25 ಚದರ ಮೀಟರ್ ಇದೆ. ಹೆಕ್ಟೇರಿಗೆ 10,000 ಚದರ ಮೀಟರ್. ಅಂದರೆ ತಕ್ಕಡಿಯಲ್ಲಿ ಕಂಡದ್ದನ್ನು 400ರಿಂದ ಗುಣಿಸುತ್ತೀರಿ. ಇಲ್ಲಿ 100 ಗ್ರಾಂ ಹೆಚ್ಚಾದರೆ ಅಲ್ಲಿ ಹೆಕ್ಟೇರಿಗೆ 40 ಕೆಜಿ. ಹಗ್ಗದ ಚೌಕ ಸಣ್ಣದಾದಷ್ಟೂ ಈ ತೊಂದರೆ ಜಾಸ್ತಿ. 5 ಮೀಟರ್ ಚೌಕಕ್ಕೆ 25 ಚದರ ಮೀಟರಿಗೆ 20 ಮೀಟರ್ ಅಂಚು. 1 ಮೀಟರ್ ಚೌಕಕ್ಕೆ 1 ಚದರ ಮೀಟರಿಗೇ 4 ಮೀಟರ್ ಅಂಚು. ಹೊಲದ ಪಾಲಿಗೆ ಅಂಚು ಐದು ಪಟ್ಟಾಯಿತು. 1940ರ ದಶಕದಲ್ಲಿ ಮಹಲನೋಬಿಸ್ ಮತ್ತು ಪಿ. ವಿ. ಸುಖಾತ್ಮೆ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರ ನಡುವೆ ಇದೇ ವಿಷಯಕ್ಕೆ ದೊಡ್ಡ ವಾದವೇ ನಡೆಯಿತು. ಮಹಲನೋಬಿಸ್ ಸಣ್ಣ ಸಣ್ಣ ತುಂಡುಗಳನ್ನು ಹೆಚ್ಚು ಕಡೆ ಕೊಯ್ಯೋಣ ಎನ್ನುತ್ತಿದ್ದರು. ಸಣ್ಣ ತುಂಡು ಇಳುವರಿಯನ್ನು ಹೆಚ್ಚಾಗಿ ತೋರಿಸುತ್ತದೆ ಎಂದು ಸುಖಾತ್ಮೆ ಹೊಲದ ಅಂಕಿಗಳನ್ನೇ ಮುಂದಿಟ್ಟರು. ಇಬ್ಬರೂ ದೊಡ್ಡವರು, ಇಬ್ಬರೂ ಹಟಮಾರಿಗಳು. ಪಠ್ಯಪುಸ್ತಕದಲ್ಲಿ ಬಯಾಸ್ (ಒಂದೇ ಕಡೆಗೆ ವಾಲುವ ತಪ್ಪು) ಮತ್ತು ವೇರಿಯನ್ಸ್ (ಸಲದಿಂದ ಸಲಕ್ಕೆ ಆಗುವ ಏರಿಳಿತ) ಎಂದು ಒಂದು ಸೂತ್ರ ಬರುತ್ತದಲ್ಲ, ಅದನ್ನು ಓದುವಾಗ ನನಗೆ ಇವತ್ತಿಗೂ ಆ ಹಗ್ಗವೇ ಕಣ್ಣ ಮುಂದೆ ಬರುತ್ತದೆ.

ಇನ್ನೊಂದು ಉದಾಹರಣೆ ಕೊಡದೆ ಇರಲಾರೆ. ನಮ್ಮ ಕಡೆಯವರಿಗೆ ಇದಕ್ಕಿಂತ ಹತ್ತಿರದ್ದು ಬೇರೆ ಇಲ್ಲ. ಬೋರ್‌ವೆಲ್. ಒಂದು ಬೋರ್‌ವೆಲ್ ಸರಾಸರಿ ಎಷ್ಟು ವರ್ಷ ಬಾಳುತ್ತದೆ ಅಂತ ನೀವು ಪ್ರಾಜೆಕ್ಟ್ ಮಾಡುತ್ತೀರಿ ಎನ್ನಿ. ಒಂದು ಬೀದಿಯಲ್ಲಿ ಐದು ಸಿಕ್ಕವು. ಮೂರು ಬತ್ತಿವೆ: 2, 3 ಮತ್ತು 4 ವರ್ಷಕ್ಕೆ. ಎರಡರಲ್ಲಿ ಇನ್ನೂ ನೀರು ಬರುತ್ತಿದೆ: ಒಂದಕ್ಕೆ 8 ವರ್ಷ, ಇನ್ನೊಂದಕ್ಕೆ 11. ಬತ್ತಿದವುಗಳ ಆಯಸ್ಸು ಮಾತ್ರ ಗೊತ್ತು ಅಂತ ಅವುಗಳ ಸರಾಸರಿ ತೆಗೆದರೆ 3 ವರ್ಷ. ಚೆನ್ನಾಗಿ ಬಾಳುತ್ತಿರುವ ಎರಡನ್ನೇ ಎತ್ತಿ ಬಿಸಾಡಿದ ಹಾಗಾಯಿತು. ಅವುಗಳ ಪೂರ್ತಿ ಆಯಸ್ಸು ಗೊತ್ತಿಲ್ಲ, ಸರಿ. ಆದರೆ 8ಕ್ಕಿಂತ, 11ಕ್ಕಿಂತ ಜಾಸ್ತಿ ಅಂತ ಗೊತ್ತಿದೆಯಲ್ಲ? ಅದೂ ಮಾಹಿತಿಯೇ. ಬತ್ತುವ ಅಪಾಯ ಪ್ರತಿ ವರ್ಷ ಒಂದೇ ಎಂದು ಸರಳವಾಗಿ ಹಿಡಿಯೋಣ. ಐದೂ ಸೇರಿ 28 ವರ್ಷ ನೀರು ಕೊಟ್ಟಿವೆ, ಅಷ್ಟರಲ್ಲಿ ಬತ್ತಿದ್ದು 3. ಅಂದಾಜು ಆಯಸ್ಸು 9 ವರ್ಷ ದಾಟುತ್ತದೆ. 3 ಎಲ್ಲಿ, 9 ಎಲ್ಲಿ! ನಿಜವಾಗಿ ಅಪಾಯ ಪ್ರತಿ ವರ್ಷ ಒಂದೇ ಇರುವುದಿಲ್ಲ, ಬೇಸಿಗೆಗೂ ಪಕ್ಕದವರು ಕೊರೆಸುವ ಆಳಕ್ಕೂ ತಕ್ಕ ಹಾಗೆ ಬದಲಾಗುತ್ತದೆ. ಅಂಥ ಊಹೆ ಇಲ್ಲದೆಯೂ ಲೆಕ್ಕ ಹಾಕುವ ದಾರಿಯನ್ನು 1958ರಲ್ಲಿ ಕಪ್ಲಾನ್ ಮತ್ತು ಮೇಯರ್ ತೋರಿಸಿದರು. ಅದನ್ನು ಹೆಚ್ಚಾಗಿ ಬಳಸುವುದು ಕ್ಯಾನ್ಸರ್ ರೋಗಿಗಳ ಚಿಕಿತ್ಸೆಯ ಲೆಕ್ಕದಲ್ಲಿ. ಆದರೆ ಕೊಳವೆಬಾವಿಗೂ ಅದೇ ಗಣಿತ.

ಪಕ್ಕದಲ್ಲೇ ಕೆಜಿಎಫ್ ಇದೆ ನಿಮಗೆ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಗಣಿಯಲ್ಲಿ ಅಲ್ಲೊಂದು ಇಲ್ಲೊಂದು ರಂಧ್ರ ಕೊರೆದು, ನಡುವಿನ ಬಂಡೆಯಲ್ಲಿ ಎಷ್ಟು ಚಿನ್ನ ಇದೆ ಅಂತ ಅಂದಾಜು ಮಾಡಬೇಕು. ದಕ್ಷಿಣ ಆಫ್ರಿಕಾದ ಗಣಿಗಳಿಗಾಗಿ ಕ್ರೀಗ ಎಂಬ ಎಂಜಿನಿಯರ್ 1951ರಲ್ಲಿ ಇದಕ್ಕೆ ಒಂದು ದಾರಿ ಕಂಡುಕೊಂಡ. ಹತ್ತಿರದ ರಂಧ್ರಕ್ಕೆ ಜಾಸ್ತಿ ತೂಕ, ದೂರದ್ದಕ್ಕೆ ಕಡಿಮೆ, ಆದರೆ ಎಷ್ಟೆಷ್ಟು ಎಂಬುದನ್ನು ಅಂಕಿಗಳೇ ಹೇಳಬೇಕು. ಆಮೇಲೆ ಫ್ರಾನ್ಸಿನ ಮಾಥೆರಾನ್ ಅದಕ್ಕೆ ಗಟ್ಟಿ ಗಣಿತ ಕೊಟ್ಟು ಕ್ರೀಗಿಂಗ್ ಎಂದು ಹೆಸರಿಟ್ಟ. ಈಗ ಬಾಗೇಪಲ್ಲಿ, ಗುಡಿಬಂಡೆ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟುತ್ತದೆ ಅಂತ ನಕ್ಷೆ ಮಾಡಬೇಕಾದರೂ ಇದೇ ಉಪಾಯ. ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿದ ಕೆ.ಸಿ. ವ್ಯಾಲಿ ನೀರು 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿದೆಯಲ್ಲ, ಕೆರೆಯಿಂದ ಎಷ್ಟು ದೂರದವರೆಗೆ ಅಂತರ್ಜಲ ಏರಿದೆ, ಅದರಲ್ಲಿ ಒಳ್ಳೆಯ ಮಳೆಯ ಪಾಲೆಷ್ಟು, ಕೆರೆಯ ಪಾಲೆಷ್ಟು? ಇದು ಒಂದು ಎಂ.ಎಸ್ಸಿ. ಪ್ರಾಜೆಕ್ಟಿಗೆ ಸಾಕಾಗಿ, ಪಿಎಚ್.ಡಿ.ಗೂ ಉಳಿಯುವ ಪ್ರಶ್ನೆ.

ಸರಿ, ನೆಂಟರ ಮಾತಿಗೆ ಬರೋಣ. ಡೇಟಾ ಸೈನ್ಸ್ ಕೆಟ್ಟದ್ದು ಅಂತ ನಾನು ಹೇಳಲ್ಲ. ಅದರೊಳಗಿನ ಅರ್ಧ ಸಂಖ್ಯಾಶಾಸ್ತ್ರವೇ. ಉಳಿದ ಅರ್ಧ ಪ್ರೋಗ್ರಾಮಿಂಗ್, ಡೇಟಾಬೇಸ್, ಮಷೀನ್ ಲರ್ನಿಂಗ್. ಒಳ್ಳೆಯ ಕಡೆ ಕಲಿತರೆ ಒಳ್ಳೆಯದೇ. ನನ್ನ ತಕರಾರು ಸಾಲದ ಬಗ್ಗೆ ಮತ್ತು ಹೆಸರಿನ ಬಗ್ಗೆ. ಬೋರ್ಡು ಬದಲಾಯಿಸಿ, ಒಂದೆರಡು ಸಾಫ್ಟ್‌ವೇರ್ ಪೇಪರು ಸೇರಿಸಿ, ಲಕ್ಷಗಟ್ಟಲೆ ಫೀಸು ಕೇಳುವ ಕಡೆಗಳನ್ನು ನೋಡಿದ್ದೇನೆ. ಅಂಥ ಒಂದು ಕಡೆಯಿಂದ ಬಂದ ಹುಡುಗನೊಬ್ಬನಿಗೆ ನಾನು ಮೇಲಿನ ಬೋರ್‌ವೆಲ್ ಲೆಕ್ಕ ಕೊಟ್ಟಿದ್ದೆ. ಇನ್ನೂ ಬತ್ತದ ಎರಡು ಸಾಲುಗಳಲ್ಲಿ 'ಬತ್ತಿದ ವರ್ಷ' ಖಾಲಿ ಇತ್ತು. ಅವನು ಒಂದೇ ಕಮಾಂಡಿನಲ್ಲಿ ಖಾಲಿ ಸಾಲುಗಳನ್ನು ಅಳಿಸಿ, ಚಂದದ ಬಣ್ಣದ ಚಾರ್ಟು ಮಾಡಿ ತಂದ. ಹುಡುಗ ಚುರುಕು, ಅದರಲ್ಲಿ ಅನುಮಾನ ಇಲ್ಲ. ಆ ಖಾಲಿ ಜಾಗ ಏನು ಹೇಳುತ್ತಿದೆ ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಸಂಖ್ಯಾಶಾಸ್ತ್ರ ಸರಿಯಾಗಿ ಓದಿದವರು ಪೈಥಾನನ್ನು ಆರು ತಿಂಗಳಲ್ಲಿ ಕಲಿಯುತ್ತಾರೆ. ನಿಮಗಂತೂ ಕಂಪ್ಯೂಟರ್ ಸೈನ್ಸ್ ಜೊತೆಗೇ ಇದೆ. ಪೈಥಾನ್ ಕಲಿತವರು ಇನ್ಫರೆನ್ಸನ್ನು, ಅಂದರೆ ಸ್ವಲ್ಪ ಡೇಟಾದಿಂದ ಇಡೀ ಗುಂಪಿನ ಬಗ್ಗೆ ತೀರ್ಮಾನಿಸುವ ವಿದ್ಯೆಯನ್ನು, ಆರು ತಿಂಗಳಲ್ಲಿ ಕಲಿತದ್ದು ನಾನು ಕಂಡಿಲ್ಲ. ಅದಕ್ಕೇ, ನಿಮ್ಮ ಜಾಗದಲ್ಲಿ ನಾನಿದ್ದರೆ ಸಾಲ ಮಾಡದೆ ಸರ್ಕಾರಿ ವಿಶ್ವವಿದ್ಯಾಲಯದ ಎಂ.ಎಸ್ಸಿ. ಸಂಖ್ಯಾಶಾಸ್ತ್ರ ಸೇರುತ್ತೇನೆ. ಪ್ರೋಗ್ರಾಮಿಂಗನ್ನು ಸಂಜೆ ಹೊತ್ತು ಸ್ವಂತವಾಗಿ ಮುಂದುವರಿಸುತ್ತೇನೆ. ಆರ್ ಎಂಬ ಸಾಫ್ಟ್‌ವೇರ್ ಪೂರ್ತಿ ಉಚಿತ, ಪೈಥಾನೂ ಉಚಿತ, ಐಐಟಿಗಳವರು ಇಂಟರ್ನೆಟ್ಟಿನಲ್ಲಿ ಇಟ್ಟಿರುವ ಎನ್‌ಪಿಟಿಇಎಲ್ ಪಾಠಗಳನ್ನು ನೋಡೋಕೂ ದುಡ್ಡು ಬೇಡ.

ಎಲ್ಲಿ ಓದುವುದು? ನಿಮಗೆ ಹತ್ತಿರ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ. ಹಾಸ್ಟೆಲಿಗೆ ಹೋಗಲು ಸಿದ್ಧವಿದ್ದರೆ ಮೈಸೂರು, ಧಾರವಾಡ, ಮಂಗಳೂರಿನಲ್ಲೂ ಸಂಖ್ಯಾಶಾಸ್ತ್ರ ವಿಭಾಗಗಳಿವೆ. ಬೆಳೆಯ ಲೆಕ್ಕವೇ ಇಷ್ಟವಾದರೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಜಿಕೆವಿಕೆಯಲ್ಲಿ ಕೃಷಿ ಸಂಖ್ಯಾಶಾಸ್ತ್ರ ಇದೆ. ಆದರೆ ಅಲ್ಲಿಗೆ ಯಾವ ಬಿ.ಎಸ್ಸಿ. ನಡೆಯುತ್ತದೆ ಎಂಬ ನಿಯಮ ಮೊದಲೇ ಓದಿಕೊಳ್ಳಿ. ಪರೀಕ್ಷೆ ಬರೆದು ದೊಡ್ಡ ಕಡೆ ಹೋಗುವ ಧೈರ್ಯ ಇದ್ದರೆ ಇನ್ನೂ ಮೂರು ಬಾಗಿಲು. ಐಐಟಿಗಳಿಗೆ ಜ್ಯಾಮ್ ಪರೀಕ್ಷೆಯ ಮ್ಯಾಥಮೆಟಿಕಲ್ ಸ್ಟ್ಯಾಟಿಸ್ಟಿಕ್ಸ್ ಪೇಪರು: ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಪಿಜಿ. ಮತ್ತೆ ಐಎಸ್‌ಐ, ಅಂದರೆ ಮಹಲನೋಬಿಸ್ 1931ರಲ್ಲಿ ಕಲ್ಕತ್ತದಲ್ಲಿ ಶುರು ಮಾಡಿದ ಭಾರತೀಯ ಸಾಂಖ್ಯಿಕ ಸಂಸ್ಥೆ. ಅದರ ಎಂ.ಸ್ಟ್ಯಾಟ್. ಪ್ರವೇಶ ಪರೀಕ್ಷೆ ಕಷ್ಟ, ಸುಳ್ಳು ಹೇಳಲ್ಲ. ಆದರೆ ಸೀಟು ಸಿಕ್ಕರೆ ಅಪ್ಪನ ಜೇಬಿಗೆ ಭಾರ ಇಲ್ಲ, ತಿಂಗಳಿಗೆ ಶಿಷ್ಯವೇತನವೂ ಉಂಟು. ಇದೇ ಸಂಸ್ಥೆಯ ಬೆಂಗಳೂರು ಕೇಂದ್ರ ಮೈಸೂರು ರಸ್ತೆಯಲ್ಲಿದೆ. ಅಲ್ಲಿ ಗುಣಮಟ್ಟ ನಿರ್ವಹಣೆಯ ಸ್ನಾತಕೋತ್ತರ ಕೋರ್ಸು ಇದೆ. ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಲ್ಲಿ ಕಂಟ್ರೋಲ್ ಚಾರ್ಟ್ ಎಂಬ ಪದ ದಿನಾ ಕೇಳಿಸುತ್ತದೆ. ತಯಾರಿಕೆ ಹದ ತಪ್ಪುತ್ತಿದೆಯಾ ಅಂತ ತೋರಿಸುವ ನಕ್ಷೆ ಅದು. 1924ರಲ್ಲಿ ಅಮೆರಿಕದ ಶೂಹಾರ್ಟ್ ಒಂದು ಟೆಲಿಫೋನ್ ಕಾರ್ಖಾನೆಗಾಗಿ ಮಾಡಿದ ಉಪಾಯ. ಅಂಥ ಕೆಲಸ ಇಷ್ಟವಾದವರಿಗೆ ಈ ಕೋರ್ಸು ಸರಿಹೊಂದುತ್ತದೆ.

ಎಲ್ಲಿಗೇ ಸೇರುವ ಮುಂಚೆ ಒಂದು ಸಲ ವಿಭಾಗಕ್ಕೆ ಹೋಗಿ ಬನ್ನಿ. ಪ್ರಾಸ್ಪೆಕ್ಟಸ್ ನೋಡಬೇಡಿ, ಹಳೆಯ ಪ್ರಾಜೆಕ್ಟ್ ವರದಿಗಳನ್ನು ಕೇಳಿ. ಅವುಗಳಲ್ಲಿ ಡೇಟಾ ಎಲ್ಲಿಂದ ಬಂತು ಅಂತ ನೋಡಿ. ಎಲ್ಲರೂ ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಅದೇ ಹೂವಿನ ದಳದ ಡೇಟಾ, ಅದೇ ಮುಳುಗಿದ ಹಡಗಿನ ಪ್ರಯಾಣಿಕರ ಡೇಟಾ ಹಾಕಿದ್ದರೆ ಸ್ವಲ್ಪ ಯೋಚಿಸಿ. ಯಾರಾದರೊಬ್ಬರು ಆಸ್ಪತ್ರೆಯ ಕಡತವನ್ನೋ, ಶಿಡ್ಲಘಟ್ಟದ ರೇಷ್ಮೆ ಗೂಡಿನ ಹರಾಜಿನ ರೇಟನ್ನೋ ತಂದು ಒದ್ದಾಡಿದ್ದರೆ ಅಲ್ಲಿ ಕಲಿಸುವವರಿದ್ದಾರೆ ಎಂದರ್ಥ. ಹಿರಿಯ ವಿದ್ಯಾರ್ಥಿಗಳನ್ನು ಕ್ಯಾಂಟೀನಿನಲ್ಲಿ ಮಾತಾಡಿಸಿ. ಪ್ರಾಕ್ಟಿಕಲ್ ಕ್ಲಾಸು ನಿಜವಾಗಿ ನಡೆಯುತ್ತಾ ಎಂಬ ಒಂದೇ ಪ್ರಶ್ನೆ ಸಾಕು.

ನಮ್ಮ ಕಾಲದ ನನ್ನದೇ ಒಂದು ಪೆಟ್ಟು ಹೇಳುತ್ತೇನೆ. ಎಂ.ಎಸ್ಸಿ. ಪ್ರಾಜೆಕ್ಟಿಗೆ ಒಂದು ಕಚೇರಿಯಿಂದ ಮನೆಮನೆ ಸಮೀಕ್ಷೆಯ ಫಾರಂಗಳನ್ನು ಪಡೆದುಕೊಂಡಿದ್ದೆ. ಎರಡು ತಿಂಗಳು ಲೆಕ್ಕ ಹಾಕಿದೆ. ಕೊನೆಗೆ ಗೈಡ್ ಒಂದೇ ಒಂದು ಮಾತು ಕೇಳಿದರು: 'ವಯಸ್ಸಿನ ಕೊನೆಯ ಅಂಕಿ ಎಣಿಸಿದ್ದೀಯಾ?' ಎಣಿಸಿದೆ. ಮುಕ್ಕಾಲು ಪಾಲು 0 ಅಥವಾ 5. ಹಳ್ಳಿಯಲ್ಲಿ 'ಒಂದು ನಲವತ್ತು ಇರಬೌದು' ಅನ್ನುವುದು ಸಹಜ, ಸ್ವಲ್ಪ ಗುಡ್ಡೆ ಬೀಳುತ್ತದೆ. ಅದನ್ನು ಅಳೆಯುವುದಕ್ಕೆ ವಿಪ್ಪಲ್ ಸೂಚ್ಯಂಕ ಎಂದೇ ಒಂದಿದೆ. ಗುಡ್ಡೆ ಏನೂ ಇಲ್ಲದಿದ್ದರೆ 100, ಎಲ್ಲರೂ 0 ಮತ್ತು 5ರಲ್ಲೇ ನಿಂತರೆ 500. ನನ್ನ ಫಾರಂಗಳಲ್ಲಿ ಮಕ್ಕಳ ವಯಸ್ಸೂ ಹಾಗೇ ಇತ್ತು, ಹಸುಗಳ ಸಂಖ್ಯೆಯೂ ಹಾಗೇ. ಯಾರೋ ಮರದ ಕೆಳಗೆ ಕೂತು ತುಂಬಿದ್ದರು. ಎರಡು ತಿಂಗಳ ಲೆಕ್ಕ ಹೊಳೆಗೆ ಹೋಯಿತು. ಗೈಡ್ ಮಾತ್ರ ಚಹಾ ತರಿಸಿ, ಈಗ ನಿನ್ನ ಪ್ರಾಜೆಕ್ಟ್ ಶುರುವಾಯ್ತು ಅಂದರು. ನನಗೆ ಆಗ ನಗು ಬರಲಿಲ್ಲ.

ಕನ್ನಡ ಮಾಧ್ಯಮದ ವಿಷಯ. ಮೊದಲ ಸೆಮಿಸ್ಟರ್ ಕಷ್ಟವಾಗುತ್ತದೆ, ಎರಡನೆಯದರಲ್ಲಿ ಸರಿಹೋಗುತ್ತದೆ. ಈ ವಿಷಯದ ಇಂಗ್ಲಿಷ್ ಪದಗಳು ಹೆಚ್ಚೆಂದರೆ ಮುನ್ನೂರು, ಉಳಿದದ್ದು ಚಿಹ್ನೆ. ನಿಜ ಹೇಳಬೇಕೆಂದರೆ ಕನ್ನಡದಲ್ಲಿ ಯೋಚಿಸುವುದು ಇಲ್ಲಿ ಲಾಭವೇ. ಪಿ-ವ್ಯಾಲ್ಯೂ ತೆಗೆದುಕೊಳ್ಳಿ. ಒಂದು ಔಷಧಿಯ ಪ್ರಯೋಗದಲ್ಲಿ 0.03 ಬಂತು. ಔಷಧಿ ಕೆಲಸ ಮಾಡದಿರುವ ಸಾಧ್ಯತೆ ಶೇ. 3 ಎಂದು ಚೆನ್ನಾಗಿ ಇಂಗ್ಲಿಷ್ ಬರುವವರೂ ಬರೆಯುತ್ತಾರೆ. ಅದು ತಪ್ಪು. ಔಷಧಿ ಏನೂ ಕೆಲಸ ಮಾಡದೇ ಇದ್ದಿದ್ದರೂ ಇಷ್ಟು, ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಬರೀ ಅದೃಷ್ಟದಿಂದ ಕಾಣುವ ಸಾಧ್ಯತೆ ಶೇ. 3 ಎಂದು ಅದರ ಅರ್ಥ. ಈ ಎರಡು ವಾಕ್ಯದ ವ್ಯತ್ಯಾಸವನ್ನು ನಿಮ್ಮ ಅಮ್ಮನಿಗೆ ಕನ್ನಡದಲ್ಲಿ ಹೇಳಿ ಅರ್ಥ ಮಾಡಿಸಿದರೆ ನಿಮಗೆ ವಿಷಯ ಬಂತು. ಇಂಗ್ಲಿಷ್ ವಾಕ್ಯವನ್ನು ಉರು ಹೊಡೆದವರು ವೈವಾದಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ. ಇಂಗ್ಲಿಷಿನಲ್ಲಿ ಬರೆಯುವುದನ್ನು ಮಾತ್ರ ಅಭ್ಯಾಸ ಮಾಡಿಕೊಳ್ಳಿ. ವಾರಕ್ಕೊಂದು ಪುಟ ಸಾಕು.

ಕೆಲಸ ಸಿಗುತ್ತದೆ. ಆದರೆ ಸೇರಿದ ದಿನವೇ ದೊಡ್ಡ ಸಂಬಳ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬೆಂಗಳೂರಿನ ಬ್ಯಾಂಕ್, ವಿಮೆ, ಅನಾಲಿಟಿಕ್ಸ್ ಕಂಪನಿಗಳು ಒಂದು ದಾರಿ. ಔಷಧ ಪ್ರಯೋಗದ ಡೇಟಾ ನೋಡುವ ಕಂಪನಿಗಳು ಇನ್ನೊಂದು. ಅಲ್ಲಿ ಸ್ಯಾಸ್ ಎಂಬ ಸಾಫ್ಟ್‌ವೇರ್ ಕೇಳುತ್ತಾರೆ. ಸರ್ಕಾರದ ಕಡೆ ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ ಇದೆ, ಪ್ರತಿ ಜಿಲ್ಲೆಯಲ್ಲೂ ಅದರ ಕಚೇರಿ ಇದೆ. ಹುದ್ದೆ ಕರೆಯುವುದು ಯಾವಾಗ ಎಂಬುದು ಮಾತ್ರ ಮಳೆಯ ಹಾಗೆ. ಕೇಂದ್ರದಲ್ಲಿ ಭಾರತೀಯ ಸಾಂಖ್ಯಿಕ ಸೇವೆ, ಅಂದರೆ ಐಎಸ್‌ಎಸ್. ಯುಪಿಎಸ್‌ಸಿ ನಡೆಸುತ್ತದೆ. 21ರಿಂದ 30 ವರ್ಷದವರು ಬರೆಯಬಹುದು, ಮೀಸಲಾತಿಯವರಿಗೆ ಸಡಿಲಿಕೆ ಇದೆ. 200 ಅಂಕದ ನಾಲ್ಕು ಸಂಖ್ಯಾಶಾಸ್ತ್ರ ಪೇಪರು, 100 ಅಂಕದ ಇಂಗ್ಲಿಷ್, 100 ಅಂಕದ ಸಾಮಾನ್ಯ ಅಧ್ಯಯನ, ಸಂದರ್ಶನಕ್ಕೆ 200. ಪದವಿಯಲ್ಲಿ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿದ್ದರೆ ಅರ್ಹತೆಗೆ ಅಷ್ಟೇ ಸಾಕು. ಆದರೆ ಎಂ.ಎಸ್ಸಿ. ಓದದೆ ಆ ನಾಲ್ಕು ಪೇಪರು ದಾಟುವುದು ಕಷ್ಟ. ನಮ್ಮ ಹಳ್ಳಿ ಕಡೆ ಐಎಎಸ್ ಕನಸು ಕಾಣುವವರು ಸಾವಿರ ಜನ, ಐಎಸ್‌ಎಸ್ ಹೆಸರು ಕೇಳಿದವರು ಹತ್ತು ಜನ. ಅದು ನಿಮಗೆ ಅನುಕೂಲವೇ.

ಇನ್ನು ಪ್ರವೇಶದವರೆಗೆ ಉಳಿದಿರುವ ತಿಂಗಳುಗಳಲ್ಲಿ ಮಾಡಬಹುದಾದ ಕೆಲಸ. ಲೀನಿಯರ್ ಆಲ್ಜೀಬ್ರಾವನ್ನು ಮೊದಲಿನಿಂದ ಇನ್ನೊಂದು ಸಲ ಓದಿ. ಆಮೇಲೆ ಅಪ್ಪನ ಜೊತೆ ಕೂತು ಆ ನೋಟ್‌ಬುಕ್ಕನ್ನು ಕಂಪ್ಯೂಟರಿಗೆ ಏರಿಸಿ. ದಿನಾಂಕ, ಮಂಡಿ, ತಳಿ, ಬಾಕ್ಸು ಎಷ್ಟು, ರೇಟು ಎಷ್ಟು. ಆರನೆಯ ಕಾಲಂ ಒಂದು ಇಡಿ: ಹಣ್ಣಿದ್ದೂ ಮಾಲು ಹಾಕದ ವಾರಗಳು. ಅವು ಪುಸ್ತಕದಲ್ಲಿ ಇರುವುದಿಲ್ಲ, ಅಪ್ಪನ ನೆನಪಿನಲ್ಲಿ ಇರುತ್ತವೆ. 'ಆ ವರ್ಷ ದೀಪಾವಳಿಗೆ ಮುಂಚೆ ಒಂದು ಕೊಯ್ಲು ಬಿಟ್ಟೆವು' ಎಂದರೆ ಅದನ್ನೂ ಹಾಗೇ ಬರೆದುಕೊಳ್ಳಿ. ಜೊತೆಗೆ ಅಮ್ಮನನ್ನೂ ಕೇಳಿ. ಬೆಲೆ ಬಿದ್ದ ವಾರ ಯಾವುದು ಅಂತ ಅವರಿಗೆ ಇನ್ನೂ ಚೆನ್ನಾಗಿ ನೆನಪಿರುತ್ತದೆ.